ಮೂರನೇ ತೂತು

ಭಾನುವಾರ, ಮಧ್ಯಾಹ್ನ

ಮಾವ,

ಚೆನ್ನಾಗಿದ್ದೀಯಾ ಅಂತ ಕೇಳಲ್ಲ. ಚೆನ್ನಾಗೇ ಇರ್ತೀಯ. ನೀನು ಬೇರೆ ಊರಿಗೆ ಹೋಗಿ ಐದು ತಿಂಗಳಾಯ್ತು. ಅಲ್ಲೂ ಹಳೇ ಕಟ್ಟಡ ಸಿಕ್ಕಿದೆ, ಅಲ್ಲೂ ಸಾಕೆಟ್ ಬದಲಾಯಿಸೋ ಕೆಲಸ ಅಂತ ಅಮ್ಮನ ಹತ್ತಿರ ಫೋನಲ್ಲಿ ಹೇಳಿದೆಯಂತೆ. ಫೋನಲ್ಲಿ ನಾನು ಬಾಯಿ ತೆಗೆದರೆ ಬೈಗುಳ ಬರುತ್ತೆ, ನೀನು ನಗ್ತೀಯ, ಅಲ್ಲಿಗೆ ಮುಗೀತು. ಅದಕ್ಕೆ ಬರೀತಿದ್ದೀನಿ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿಕೊಂಡು ಓದು. ತಿದ್ದೋದು ನಿನಗೂ ಸ್ವಲ್ಪ ರೂಢಿ ಆಗಲಿ.

ನನಗೆ ಹೊಸ ಕೆಲಸ ಸಿಕ್ಕಿತು. ಒಬ್ಬ ಮೇಸ್ತ್ರಿ ಕೈ ಕೆಳಗೆ, ಹೊಸ ಕಟ್ಟಡದ ವೈರಿಂಗ್. ಕಟ್ಟುತ್ತಿರೋದು ಶಾಲೆ, ನಗಬೇಡ. ಮೊದಲನೇ ದಿನ ಹತ್ತು ಸಾಕೆಟ್ ಕೊಟ್ಟು ಕೂರಿಸು ಅಂದ. ನೀನು ಕಲಿಸಿದ ಹಾಗೇ ಕೂರಿಸಿದೆ. ಕಿರುಬೆರಳಷ್ಟು ತಂತಿ ಕತ್ತರಿಸಿ, ಒಂದು ತುದಿ ಕರೆಂಟು ವಾಪಸ್ ಹೋಗೋ ನ್ಯೂಟ್ರಲ್‌ಗೆ ಸುತ್ತಿ, ಇನ್ನೊಂದು ತುದಿ ಅರ್ತ್ ಸ್ಕ್ರೂಗೆ ಬಿಗಿದು, ಮುಚ್ಚಳ ಹಾಕಿ, ಮೂರು ಪಿನ್ನಿನ ಟೆಸ್ಟರ್ ಚುಚ್ಚಿ ನೋಡಿದೆ. ಎಲ್ಲದರಲ್ಲೂ ಸರಿ ಇದೆ ಅನ್ನೋ ದೀಪ. ಪ್ರತಿ ಡಬ್ಬಿಯಲ್ಲೂ ಒಂದು ಹಸಿರು ತಂತಿ ಮಿಕ್ಕಿತ್ತು. ಯಾರೋ ದುಂದು ಮಾಡಿದ್ದಾರೆ ಅಂದುಕೊಂಡು ನೀಟಾಗಿ ಮಡಚಿ ಮೂಲೆಗೆ ತುರುಕಿದೆ. ಎಲ್ಲರಿಗಿಂತ ಮೊದಲು ಮುಗಿಸಿದವಳು ನಾನೇ. ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದೆ.

ಮೇಸ್ತ್ರಿ ಒಂದನ್ನ ಬಿಚ್ಚಿದ. ಇನ್ನೊಂದನ್ನ ಬಿಚ್ಚಿದ. ಆಮೇಲೆ ಉಳಿದವರನ್ನೆಲ್ಲ ಕರೆದು, "ಬನ್ರಪ್ಪ, ಇಲ್ಲೊಂದು ಹೊಸ ವಿದ್ಯೆ ಬಂದಿದೆ ನೋಡಿ" ಅಂದ. ಹಸಿರು ತಂತಿ ಎಳೆದು ನನ್ನ ಮುಖಕ್ಕೆ ಹಿಡಿದು, ಇದನ್ನ ಯಾಕೆ ಬಿಟ್ಟೆ ಅಂತ ಕೇಳಿದ. ಮಿಕ್ಕಿದ್ದು ಅಂದೆ. ಎಂಟು ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಕ್ಕಿದ್ದಂತೆ, ಮನೆಗೆ ತಗೊಂಡು ಹೋಗಿ ಬಟ್ಟೆ ಒಣಗಿ ಹಾಕು ಅಂದ ಒಬ್ಬ. ಮೇಸ್ತ್ರಿ ನಗಲಿಲ್ಲ. ಅದೇ ಅರ್ತ್ ಕಣಮ್ಮ, ಸೋರಿದ ಕರೆಂಟನ್ನ ನೆಲಕ್ಕೆ ಇಳಿಸೋದು ಅಂದ. ಯಾರು ಕಲಿಸಿದ್ದು ಅಂತ ಕೇಳಿದ. ಯಾರೂ ಇಲ್ಲ, ನಾನೇ ಕಲಿತಿದ್ದು ಅಂದೆ. ನಿನ್ನ ಹೆಸರು ಬಾಯಿಗೆ ಬರಲಿಲ್ಲ ಮಾವ. ಮರ್ಯಾದೆಗಲ್ಲ. ನಾಚಿಕೆಗೆ.

ಮೂರು ವರ್ಷ ನಿನ್ನ ಹಿಂದೆ ಟೂಲ್ ಬಾಕ್ಸ್ ಹೊತ್ತೆ. ನಾನು ಶಾಲೆ ಬಿಟ್ಟೆ ಅಂತ ಅಮ್ಮ ಅತ್ತಾಗ ನೀನು ಏನಂದೆ, ನೆನಪಿದೆಯಾ? ಶಾಲೇಲಿ ಹತ್ತು ವರ್ಷ ಕಲಿಸೋದನ್ನ ನಾನು ಎರಡು ತಿಂಗಳಲ್ಲಿ ಕಲಿಸ್ತೀನಿ ಬಿಡಕ್ಕ ಅಂದೆ. ಕಲಿಸಿದೆ. ನಾನು ಆ ತಂತಿಗೆ ಮೂರು ಸುತ್ತು ಹಾಕಿದರೆ, "ಎರಡು ಸಾಕು ಕಣೇ, ಜಡೆ ಹೆಣೀತಿದ್ದೀಯಾ?" ಅಂತ ತಲೆಗೆ ಮೊಟಕುತ್ತಿದ್ದೆ. ಸುತ್ತು ಎಷ್ಟು ಅಂತ ಹೇಳಿಕೊಟ್ಟೆ. ಅದು ಸುಳ್ಳು ಅಂತ ಹೇಳಿಕೊಡಲಿಲ್ಲ.

ಮೇಸ್ತ್ರಿ ಮಧ್ಯಾಹ್ನ ಊಟ ಬಿಟ್ಟು, ಗಾರೆ ಮೆತ್ತದ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದ. ಹಳೇ ಕಟ್ಟಡದ ಗೋಡೆಯೊಳಗೆ ಎರಡೇ ತಂತಿ. ಮೂರನೇ ತೂತಿನ ಹಿಂದೆ ಏನೂ ಇಲ್ಲ. ಅಲ್ಲಿ ನಿನ್ನ ಆ ತುಂಡು ಹಾಕಿದರೆ ಟೆಸ್ಟರ್ ಮೋಸ ಹೋಗುತ್ತೆ. ಎಲ್ಲೋ ಒಂದು ಕಡೆ ನ್ಯೂಟ್ರಲ್ ಸಡಿಲ ಆದ ದಿನ ಫ್ರಿಜ್ಜಿನ ಮೈ, ಮೆಷಿನ್ನಿನ ಮೈ, ಎಲ್ಲ ಕರೆಂಟು. ಎರಡು ತೂತಿನ ಸಾಕೆಟ್ಟೇ ವಾಸಿ, ಅದು ಇಲ್ಲದ್ದನ್ನ ಇದೆ ಅನ್ನಲ್ಲ ಅಂದ. ಮೂರನೇ ತಂತಿ ಎಳೀಬೇಕು. ಆಗಲ್ವಾ, ಕರೆಂಟು ಸೋರಿದ ತಕ್ಷಣ ತಾನೇ ಆರೋ ಸ್ವಿಚ್ ಹಾಕಿ, ಸಾಕೆಟ್ ಮೇಲೆ ಇಲ್ಲಿ ಅರ್ತ್ ಇಲ್ಲ ಅಂತ ಬರೆದು ಅಂಟಿಸಬೇಕು. ಇಷ್ಟೇ. ಇದನ್ನ ಕಲಿಸೋಕೆ ಎರಡು ತಿಂಗಳೂ ಬೇಡ. ಒಂದು ಊಟದ ಹೊತ್ತು ಸಾಕಾಯ್ತು.

ಮನೆಗೆ ಬಂದು ಎಲ್ಲ ಬಿಚ್ಚಿದೆ. ನಾಲ್ಕು ಸಾಕೆಟ್, ನಾಲ್ಕರಲ್ಲೂ ನಿನ್ನ ಎರಡು ಸುತ್ತು. ಅಮ್ಮ ಫ್ರಿಜ್ ಮುಟ್ಟಿದರೆ ಚುರ್ ಅನ್ನುತ್ತೆ ಅಂತ ಎಷ್ಟು ಸಲ ಹೇಳಿದಳು. "ನಿನ್ನ ಕೋಪಾನೇ ಕರೆಂಟು ಕಣಕ್ಕ, ಪಾಪ ಫ್ರಿಜ್ ಏನ್ ಮಾಡುತ್ತೆ" ಅಂತ ನೀನು ನಗ್ತಿದ್ದೆ. ನಾನೂ ನಕ್ಕೆ. ಅವಳು ಆರು ವರ್ಷದಿಂದ ಬಟ್ಟೆ ಸುತ್ತಿಕೊಂಡು ಬಾಗಿಲು ತೆಗೀತಾಳೆ. ಆ ತುಂಡುಗಳನ್ನ ಕಿತ್ತೆ, ನಾಲ್ಕರ ಮೇಲೂ ಅರ್ತ್ ಇಲ್ಲ ಅಂತ ಚೀಟಿ ಅಂಟಿಸಿದೆ. ಬೆಳಿಗ್ಗೆ ನೋಡಿದರೆ ಚೀಟಿ ಇಲ್ಲ. ಬಂದವರು ನೋಡಿದರೆ ತಮ್ಮನ ಕೆಲಸದ ಬಗ್ಗೆ ಏನಂದುಕೊಳ್ತಾರೆ ಅಂತ ಅಮ್ಮನೇ ಕಿತ್ತು ಒಲೆ ಪಕ್ಕ ಇಟ್ಟಿದ್ದಳು.

ನಮ್ಮ ಕಟ್ಟಡದಲ್ಲಿ ನೀನೇ ಸಾಕೆಟ್ ಬದಲಾಯಿಸಿದ ಉಳಿದ ಹದಿನೈದು ಮನೆ ಬಾಗಿಲು ತಟ್ಟಿದೆ. ಎರಡನೇ ಮಹಡಿಯ ನಿವೃತ್ತ ಗುಮಾಸ್ತ ಬಾಗಿಲ ಸಂದಿಯಿಂದಲೇ ಟೆಸ್ಟರ್ ತಂದು ತೋರಿಸಿದ. ನೀನೇ ಕೊಟ್ಟಿದ್ದಂತೆ. "ನೋಡು, ದೀಪ ಸರಿ ಇದೆ. ನಿನ್ನ ಮಾವನಿಗಿಂತ ನೀನು ದೊಡ್ಡವಳಾ?" ಅಂದ. ಪಕ್ಕದ ಮನೆಯವಳು, ಮಾವ ಹೋದ ಮೇಲೆ ಕೆಲಸ ಇಲ್ಲ ಅಂತ ಹೊಸ ಕೆಲಸ ಹುಟ್ಟಿಸ್ತಿದ್ದಾಳೆ ಅಂದಳು. ಬಿಚ್ಚೋಕೆ ಬಿಟ್ಟಿದ್ದು ಒಂದೇ ಒಂದು ಮನೆ. ಮೇಲಿನ ಟೈಲರಮ್ಮನ ಮನೆ.

ಆ ಮನೆ ವಿಷಯ ನಿನಗೆ ಗೊತ್ತು. ನೀನು ಹಾಕಿದ ಸಾಕೆಟ್. ಅವಳು ಮೋಟಾರ್ ಮೆಷಿನ್ ಮುಂದೆ ಕೂತು ಚಕ್ರದ ಮೇಲೆ ಕೈ ಇಟ್ಟಿದ್ದಳು, ಆಗಷ್ಟೇ ಒರೆಸಿದ ನೆಲ, ಬರಿಗಾಲು, ಕರೆಂಟು ಹೊಡೀತು. ಸ್ಟೂಲು ಉರುಳಿ ಅವಳು ಬಿದ್ದಿದ್ದಕ್ಕೆ ವೈರ್ ಕಾಲಿಗೆ ಸಿಕ್ಕಿ ಪ್ಲಗ್ ಕಿತ್ತು ಬಂತು, ಅದಕ್ಕೆ ಉಳಿದಳು. ನೀನು ನನ್ನನ್ನೂ ಕರಕೊಂಡು ಹೋಗಿ ಬಿಚ್ಚಿ ನೋಡಿ, ಒದ್ದೆ ನೆಲದಲ್ಲಿ ಕೂತು ಮೆಷಿನ್ ಓಡಿಸಿದರೆ ಇನ್ನೇನಾಗುತ್ತೆ ಅಕ್ಕ ಅಂದೆ. ಈಗಲೂ ಅವಳ ಬಲಗೈಯ ಎರಡು ಬೆರಳು ಮಡಚಲ್ಲ. ಮೋಟಾರ್ ತೆಗೆಸಿಬಿಟ್ಟಿದ್ದಾಳೆ. ಅಂಗೈಯಲ್ಲಿ ಚಕ್ರ ತಳ್ಳಿ ತಳ್ಳಿ ಹೊಲೀತಾಳೆ. ನಾನು ಸಾಕೆಟ್ ಬಿಚ್ಚುವಾಗ ಹಿಂದೆ ನಿಂತು, "ತಪ್ಪು ನಂದೇ ಕಣಮ್ಮ, ನೆಲ ಒಣಗೋವರೆಗೂ ತಡೀಬೇಕಿತ್ತು. ನಿನ್ನ ಮಾವ ಒಳ್ಳೆಯವನು, ಬೈಲಿಲ್ಲ" ಅಂದಳು.

ಅವಳ ಸಾಕೆಟ್ಟಿನಲ್ಲಿ ಆ ತುಂಡು ಇರಲಿಲ್ಲ. ಇಡೀ ಕಟ್ಟಡದಲ್ಲಿ ನೀನು ಸರಿ ಮಾಡಿದ್ದು ಅದೊಂದೇ. ಅಂದರೆ ನಿನಗೆ ಗೊತ್ತಿತ್ತು. ಗೊತ್ತಿದ್ದೂ ಉಳಿದವರ ಮನೆಗಳನ್ನ ಹಾಗೇ ಬಿಟ್ಟು, ನಮ್ಮಮ್ಮನ ಕೈಲಿ ಆ ಫ್ರಿಜ್ ತೆಗೆಸಿ, ಬಸ್ ಹತ್ತಿದೆ.

ವಾಪಸ್ ಬಾ. ನಾನು ಹೇಳಿದರೆ ಯಾರೂ ಮೇನ್ ಸ್ವಿಚ್ ಆರಿಸಲ್ಲ, ನೀನು ಹೇಳಿದರೆ ಎಲ್ಲ ಆರಿಸ್ತಾರೆ. ಒಂದೊಂದೇ ಮನೆ ಬಾಗಿಲಲ್ಲಿ ನಿಂತು, ನಾನು ಮಾಡಿದ್ದು ತಪ್ಪು ಅಂತ ಬಾಯಿ ಬಿಟ್ಟು ಹೇಳು, ಬಿಚ್ಚೋ ಕೆಲಸ ನಾನು ಮಾಡ್ತೀನಿ. ಅಲ್ಲಿ ಈಗ ಹಾಕ್ತಿರೋದನ್ನೂ ನಿಲ್ಲಿಸು. ಇನ್ನೊಬ್ಬರ ಕೈ ಹೋಗೋವರೆಗೂ ಕಾಯಬೇಡ.

ನೀನು ಸೂಜಿಮೆಣಸು ಅಂತ ಕರೀತಿದ್ದ
ನಿನ್ನ ಅಕ್ಕನ ಮಗಳು

ಇನ್ನೊಂದು. ಮರೆತಿದ್ದಲ್ಲ, ಮೇಲೆ ಬರೆಯೋಕೆ ಆಗಲಿಲ್ಲ. ಸ್ಕ್ರೂಡ್ರೈವರ್ ಬೇಕಿತ್ತು, ಮಂಚದ ಕೆಳಗಿನ ನಿನ್ನ ಹಳೇ ಟೂಲ್ ಬಾಕ್ಸ್ ತೆಗೆದೆ. ತಳದಲ್ಲಿ ಮಾತ್ರೆ ಡಬ್ಬಿ, ಅದರೊಳಗೆ ಕಾಗದದಲ್ಲಿ ಸುತ್ತಿಟ್ಟ ತಂತಿ ತುಂಡು, ಒಂದು ತುದಿ ಕರಕಲು. ಸುತ್ತು ಎಣಿಸಿದೆ. ಮೂರು. ನಿನಗೆ ಜ್ವರ ಬಂದ ವಾರ ಟೈಲರಮ್ಮನ ಮನೆಗೆ ಒಬ್ಬಳೇ ಹೋಗಿ ಆ ಸಾಕೆಟ್ ಹಾಕಿದ್ದು ನಾನು. ಆ ದಿನ ನೀನು ಸಾಕೆಟ್ ಬಿಚ್ಚಿ, ನನ್ನ ಕಡೆ ಒಂದು ಸಲ ನೋಡಿ, ಏನೋ ಜೇಬಿಗೆ ಹಾಕಿಕೊಂಡು, ಆಮೇಲೆ ಒದ್ದೆ ನೆಲ ಅಂದೆ. ನಿನ್ನನ್ನ ನೀನೇ ಉಳಿಸಿಕೊಳ್ತಿದ್ದೀಯ ಅಂದುಕೊಂಡಿದ್ದೆ. ಮೇಲೆ ಬೈದಿದ್ದು ಯಾವುದನ್ನೂ ಹೊಡೆದು ಹಾಕಿಲ್ಲ, ಹಾಗೇ ಇರಲಿ. ನನ್ನನ್ನ ಉಳಿಸೋಕೆ ತಪ್ಪನ್ನ ಅವಳ ತಲೆಗೆ ಕಟ್ಟಿದೆಯಲ್ಲ, ಅದಕ್ಕೂ ಸೇರಿಸಿ ಓದಿಕೋ. ಈ ತುಂಡನ್ನ ಇದೇ ಲಕೋಟೆಯಲ್ಲಿ ಕಳಿಸೋಣ ಅಂತಿದ್ದೆ. ಕಳಿಸಲ್ಲ. ಮೇಲೆ ಮೆಷಿನ್ ಸದ್ದು ಕೇಳ್ತಿದೆ, ನಿಂತು ನಿಂತು. ಇದನ್ನ ಹಿಡಿದುಕೊಂಡು ಈಗಲೇ ಅವಳ ಮನೆ ಮೆಟ್ಟಿಲು ಹತ್ತುತ್ತೀನಿ.