ಝಪತಾಲದ ಹನ್ನೊಂದನೆಯ ಮಾತ್ರೆ

ಶಿಗ್ಗಾವಿ
೧೧ ಡಿಸೆಂಬರ್ ೨೦೨೫, ಗುರುವಾರ

ಪ್ರೀತಿಯ ಅಕ್ಕ,

ನಿನ್ನ ತಮ್ಮ ಉಳಿವೆಪ್ಪನ ನಮಸ್ಕಾರಗಳು. ಮೊಣಕಾಲಿನ ನೋವು ಈಗ ಹೇಗಿದೆ? ಉಪ್ಪಿನ ಶಾಖ ಕೊಟ್ಟುಕೊಳ್ಳುತ್ತೀ, ಆದರೆ ಡಾಕ್ಟರಿಗೆ ಮಾತ್ರ ತೋರಿಸುವುದಿಲ್ಲ ಎಂದು ಅವ್ವ ಬೈಯುತ್ತಿದ್ದಳು. ನಿಮ್ಮ ಯಜಮಾನರ, ನಮ್ಮ ಫಕ್ಕೀರಪ್ಪ ಮಾವನ, ಬಿಪಿ ಇಳಿದಿದೆಯೇ? ಮಗಳು ಪೂಜಾಳ ಪಿಯುಸಿ ಓದು ಹೇಗೆ ನಡೆದಿದೆ? ನೀನು ಅವ್ವನಿಗೆ ಫೋನ್ ಮಾಡಿದಾಗಲೆಲ್ಲ ನಾನು ಎದ್ದು ಹೊರಗಿನ ಕಟ್ಟೆಗೆ ಹೋಗಿ ಕೂಡುತ್ತೇನೆ, ಕಿವಿ ಮಾತ್ರ ಒಳಗೇ ಇರುತ್ತದೆ. ಎರಡು ವರ್ಷದಿಂದ ನಿನ್ನ ಸುದ್ದಿಯನ್ನು ನಾನು ಅವ್ವನ "ಹೂಂ" "ಹೌದೇನ" ಎಂಬ ಮಾತುಗಳ ನಡುವೆ ಹುಡುಕಿ ಜೋಡಿಸಿಕೊಳ್ಳುತ್ತ ಬಂದಿದ್ದೇನೆ. ಅವ್ವ ಆರಾಮ ಇದ್ದಾಳೆ. ಕೆಳಗಿನ ಒಂದು ಹಲ್ಲು ತೆಗೆಸಿದ್ದೇವೆ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುತ್ತಾಳೆ, ಅದಕ್ಕೂ ನನ್ನನ್ನೇ ಬೈಯುತ್ತಾಳೆ.

ಈ ಪತ್ರವನ್ನು ನಾನೇ ಟೈಪ್ ಮಾಡಿದ್ದೇನೆ. ಹುಟ್ಟಿದಾಗಿನಿಂದ ಕಣ್ಣಿಲ್ಲದ ನನಗೆ ಒಂದು ಕಾಗದ ಬರೆಯಬೇಕಾದರೂ ಇನ್ನೊಬ್ಬರ ಕೈ ಬೇಕಾಗುತ್ತಿತ್ತು, ಮೂವತ್ತು ವರ್ಷ ಅದು ನಿನ್ನ ಕೈಯೇ ಆಗಿತ್ತು. ಈಗ ನಾನು ಸಂಗೀತ ಕಲಿಸುವ ಶಾಲೆಯ ಕಂಪ್ಯೂಟರ್ ಟೀಚರ್ ನುಜಹತ ಅವರು ಯಂತ್ರಕ್ಕೆ ಮಾತು ಕಲಿಸಿ ಕೊಟ್ಟಿದ್ದಾರೆ. ನಾನು ಒತ್ತಿದ ಒಂದೊಂದು ಅಕ್ಷರವನ್ನೂ ಅದು ಗಟ್ಟಿಯಾಗಿ ಓದುತ್ತದೆ. ಕಾಗುಣಿತ ನೋಡಿ ಕೊಡಲೇ ಎಂದು ಅವರು ಕೇಳಿದರು, ಬೇಡ ಎಂದೆ. ಇದರಲ್ಲಿ ಏನು ತಪ್ಪಿದ್ದರೂ ನನ್ನದೇ ಇರಲಿ.

ನಿನಗೆ ಗೊತ್ತಿದ್ದದ್ದನ್ನೇ ಮೊದಲು ಮತ್ತೆ ಬರೆಯುತ್ತೇನೆ, ಯಾಕೆಂದರೆ ಇಷ್ಟು ದಿನ ನಾನು ಅದನ್ನು ಊರ ತುಂಬ ಬೇರೆ ರೀತಿಯಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಎರಡು ವರ್ಷದ ಹಿಂದೆ ಸಂಗೀತದ ದೊಡ್ಡ ಪರೀಕ್ಷೆಗೆ ಕೂತೆ. ಹಾಡಿಕೆಯಲ್ಲಿ ಪಾಸಾದೆ. ಅಲ್ಲಿ ನನಗೆ ಕೇಳಿದ್ದೆಲ್ಲ ತೀನ್‌ತಾಲದ್ದೇ, ಝಪತಾಲದ್ದು ಒಂದೂ ಕೇಳಲಿಲ್ಲ. ಅದರ ಜೊತೆಗೆ ಹತ್ತು ರಚನೆಗಳ ಸ್ವರಲಿಪಿಯ ಪುಸ್ತಕ ಕೊಡಬೇಕಿತ್ತು. ಬ್ರೈಲ್ ನಡೆಯುವುದಿಲ್ಲ ಎಂದರು. ಆಗ ನೀನು ರಟ್ಟೀಹಳ್ಳಿಯಿಂದ ವಾರಕ್ಕೊಮ್ಮೆ ಎರಡು ಬಸ್ಸು ಹಿಡಿದು ಬಂದು, ನಾನು ಹಾಡಿದ್ದನ್ನು ಮನೆಗಳ ಹಾಗೆ ಗೆರೆ ಹೊಡೆದು, ಒಂದೊಂದು ಮನೆಗೆ ತಾಳದ ಒಂದೊಂದು ಮಾತ್ರೆ ಇಟ್ಟು ಬರೆದೆ. ಪುಸ್ತಕ ತಿರುಗಿ ಬಂತು. ಝಪತಾಲದ ಮೂರೂ ರಚನೆಗಳಲ್ಲಿ ತಾಳ ಸರಿದಿದೆ, ಪುಸ್ತಕ ಒಪ್ಪಲಾಗದು ಎಂದು ಪರೀಕ್ಷಕರು ಷರಾ ಬರೆದಿದ್ದರು. ಪೂಜಾಳ ಹುಟ್ಟಿದ ಹಬ್ಬದ ದಿನ ನಿಮ್ಮ ಮನೆಗೆ ಬಂದು, ನಿಮ್ಮ ಅತ್ತಿಯವರು, ಮಾವ, ನಿನ್ನ ಭಜನಿ ಮೇಳದ ಹೆಣ್ಣುಮಕ್ಕಳು ಎಲ್ಲ ಕೂತಿದ್ದಾಗ ನಾನು ಅಂದದ್ದು ನಿನಗೆ ನೆನಪಿರುತ್ತದೆ. ನನಗೂ ನೆನಪಿದೆ. "ಕಣ್ಣಿದ್ದಾಕಿ ಕುರುಡನ ಪುಸ್ತಕಾ ಕೆಡಿಸ್ಯಾಳ. ಬ್ಯಾಸರಾಗಿ ಬೇಕಂತನ ಕೆಡಿಸ್ಯಾಳ." ಅಷ್ಟಕ್ಕೇ ಬಿಡಲಿಲ್ಲ. ಬರೆದವರ ತಪ್ಪಿನಿಂದ ನನಗೆ ಅನ್ಯಾಯವಾಗಿದೆ ಎಂದು ನಿನ್ನ ಹೆಸರು ಹಾಕಿ ಪರೀಕ್ಷಾ ಮಂಡಳಿಗೆ ಅರ್ಜಿಯನ್ನೂ ಕೊಟ್ಟೆ. ಆ ಮೇಲೆ ನಿನ್ನನ್ನು ತವರಿಗೆ ಕಳಿಸುವುದು ನಿಂತಿತು. ಮೇಳದವರು ಹಾಡು ಬರೆಸಿಕೊಳ್ಳಲು ನಿನ್ನ ಹತ್ತಿರ ಬರುವುದನ್ನು ಬಿಟ್ಟರು ಎಂದು ಅವ್ವನಿಂದ ತಿಳಿಯಿತು. ತಿಳಿದೂ ನಾನು ಸುಮ್ಮನಿದ್ದೆ.

ಪುಸ್ತಕ ತಿದ್ದಿ ಮತ್ತೆ ಕೊಡಲು ಎರಡು ವರ್ಷದ ಅವಕಾಶವಿತ್ತು. ಅದರ ಕೊನೆಯ ದಿನ ಇದೇ ಡಿಸೆಂಬರ್ ಎಂಟು, ಸೋಮವಾರ. ಅದು ತಪ್ಪಿದರೆ ಬರುವ ಜೂನಿನಿಂದ ಬೇರೆ ಸಂಗೀತ ಮಾಸ್ತರನನ್ನು ತೆಗೆದುಕೊಳ್ಳುತ್ತೇವೆ ಎಂದು ಶಾಲೆಯ ಕಮಿಟಿಯವರು ಬಾಯಿಬಿಟ್ಟೇ ಹೇಳಿದ್ದರು. ಬೇರೆಯವರ ಕೈಯಲ್ಲಿ ಬರೆಸಲು ನನಗೆ ಮನಸ್ಸಿರಲಿಲ್ಲ. ಆಗ ನುಜಹತ ಅವರು ಒಂದು ತಂತ್ರಾಂಶ ಹುಡುಕಿ ಹಾಕಿಕೊಟ್ಟರು. ಚಿತ್ರದ ಗುಂಡಿಗಳನ್ನು ಒತ್ತುವಂಥವು ನನಗೆ ನಡೆಯುವುದಿಲ್ಲ, ಯಂತ್ರ ಅವನ್ನು ಓದಿ ಹೇಳಲಾರದು. ಇದು ಹಾಗಲ್ಲ. ಬರೀ ಅಕ್ಷರ. ಸ ರಿ ಗ ಮ ಎಂದು ಒತ್ತಬೇಕು, ಸ್ವರ ಎಳೆಯುವಲ್ಲಿ ಒಂದು ಅಡ್ಡಗೆರೆ, ತಾಳದ ವಿಭಾಗ ಮುಗಿದಲ್ಲಿ ಒಂದು ನಿಲುಗೆರೆ. ಎಲ್ಲ ಮುಗಿದ ಮೇಲೆ ಅದೇ ಮನೆ ಹೊಡೆದು, ಅಚ್ಚುಕಟ್ಟಾದ ಪುಟ ಮಾಡಿ ಕೊಡುತ್ತದೆ. ತೀನ್‌ತಾಲದ ಏಳು ರಚನೆಗಳು ಹದಿನೈದು ದಿನದಲ್ಲಿ ಮುಗಿದವು. ಮೊದಲ ಪುಟ ಪ್ರಿಂಟಾದಾಗ ನಾನು ಕಾಗದವನ್ನು ಅಂಗೈಯಿಂದ ಸವರಿದೆ. ಏನೂ ತಿಳಿಯಲಿಲ್ಲ, ಆದರೂ ಸವರಿದೆ.

ಝಪತಾಲಕ್ಕೆ ಬಂದಾಗ ಯಂತ್ರ ಹಟ ಹಿಡಿಯಿತು. "ಹದಿನಾಲ್ಕನೆಯ ಸಾಲು, ಮೂರನೆಯ ವಿಭಾಗ. ಎರಡು ಮಾತ್ರೆ ಇರಬೇಕು, ಮೂರು ಇವೆ" ಎಂದು ಹೇಳಿ ನಿಂತುಬಿಟ್ಟಿತು. ಝಪತಾಲಕ್ಕೆ ಹತ್ತು ಮಾತ್ರೆ ಎಂದು ನಮ್ಮ ಶಾಲೆಯ ಐದನೆಯ ತರಗತಿಯ ಹುಡುಗಿಯೂ ಹೇಳುತ್ತಾಳೆ. ಈ ಯಂತ್ರ ನನಗೆ ಹನ್ನೊಂದು ಎಣಿಸಿ ತೋರಿಸುತ್ತಿತ್ತು. ಎರಡನೆಯ ರಚನೆಯಲ್ಲೂ ಅದೇ ಮಾತು, ಮೂರನೆಯದರಲ್ಲೂ ಅದೇ. ಮೂರು ದಿನ ಅಳಿಸಿ ಅಳಿಸಿ ಬರೆದೆ. ಹಾಡಿಕೊಳ್ಳುತ್ತ ಬರೆದಾಗಲೆಲ್ಲ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಕೊನೆಗೆ ಡಿಸೆಂಬರ್ ಎರಡರಂದು ನುಜಹತ ಅವರು ಆ ತಂತ್ರಾಂಶದವರ ಸಹಾಯದ ಗುಂಪಿಗೆ ನನ್ನ ಪ್ರಶ್ನೆ ಬರೆದು ಕಳಿಸಿದರು. ಇಂದೂರಿನ ಒಬ್ಬ ಹೆಣ್ಣುಮಗಳು ಉತ್ತರ ಕೊಟ್ಟಳು. ಅದನ್ನು ಮಾಡಿದವರಲ್ಲಿ ಅವಳೂ ಒಬ್ಬಳಂತೆ. ಇಡೀ ಹಾಡು ಬೇಡ, ತೊಂದರೆ ಕಾಣುವ ಎರಡೇ ಸಾಲು ಕಳಿಸಿ ಎಂದಳು. ಕಳಿಸಿದೆವು. ಮರುದಿನ ಉತ್ತರ ಬಂತು. ತಂತ್ರಾಂಶ ಸರಿಯಿದೆ, ನಿಮ್ಮ ಸಾಲಿನಲ್ಲಿಯೇ ಒಂದು ಮಾತ್ರೆ ಹೆಚ್ಚಾಗಿದೆ.

ನನಗೆ ಬಂದ ಸಿಟ್ಟು ನಿನಗೆ ಗೊತ್ತೇ ಇದೆ, ನೀನು ಕಂಡ ಸಿಟ್ಟೇ ಅದು. ಇಪ್ಪತ್ತೆರಡು ವರ್ಷದಿಂದ ಹಾಡುತ್ತಿದ್ದೇನೆ, ನಿಮ್ಮ ಯಂತ್ರಕ್ಕೆ ಝಪತಾಲ ಗೊತ್ತಿಲ್ಲ ಎಂದು ಬರೆಯಿರಿ ಎಂದೆ. ನುಜಹತ ಅವರು ಸ್ವಲ್ಪ ಮೆತ್ತಗೆ ಬರೆಯಲೇ ಎಂದು ಕೇಳಿದರು. ಬೇಡ, ಹೇಳಿದ್ದನ್ನು ಬರೆಯಿರಿ ಎಂದೆ. ಎರಡು ದಿನ ಉತ್ತರವಿಲ್ಲ. ನಾಲ್ಕನೆಯ ತಾರೀಖು ಮುಗಿಯಿತು. ಐದು ಬಂತು. ಶಾಲೆಯಲ್ಲಿ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಡುವಾಗ ಹೇಳಿಸಿದ ಸಾಲನ್ನೇ ಮತ್ತೆ ಹೇಳಿಸಿದೆ. ಅಂದು ಮಧ್ಯಾಹ್ನ ಉತ್ತರ ಬಂತು, ಉದ್ದನೆಯದು. ಅವಳು ನನ್ನ ಸಾಲುಗಳನ್ನು ತಾನೇ ಮತ್ತೆ ಒತ್ತಿ ನೋಡಿದ್ದಳು, ಹಳೆಯ ಆವೃತ್ತಿಯಲ್ಲಿ ನೋಡಿದ್ದಳು, ಕಾಗದದ ಮೇಲೆ ಬೆರಳಿಟ್ಟು ಎಣಿಸಿದ್ದಳು. ಕನ್ನಡ ಅಕ್ಷರಕ್ಕೆ ಯಂತ್ರ ಕೊಡುವ ಸೂಚನೆ ಒಂದು ಕಡೆ ತೊಡಕಾಗಿತ್ತು, ಅದನ್ನು ತಿದ್ದಿದ್ದೇನೆ, ತೋರಿಸಿಕೊಟ್ಟಿದ್ದಕ್ಕೆ ಉಪಕಾರ ಎಂದಿದ್ದಳು. ಆದರೆ ಲೆಕ್ಕ ಮಾತ್ರ ಅದೇ. ನಂಬಿಕೆ ಬಾರದಿದ್ದರೆ ಫೋನಿನಲ್ಲಿ ತಾನೇ ನುಡಿಯುವ ತಬಲಾ ಹಚ್ಚಿ, ನಿಧಾನ ಲಯದಲ್ಲಿ ಹಾಡಿ ನೋಡಿ, ನಡುವೆ ನಿಲ್ಲಿಸಬೇಡಿ ಎಂದು ಕೊನೆಗೆ ಬರೆದಿದ್ದಳು. ನನಗೆ ಕಣ್ಣಿಲ್ಲ ಎಂಬುದು ಅವಳಿಗೆ ಗೊತ್ತಿರಲಿಲ್ಲ, ಅಕ್ಕ. ನಾವು ಅದನ್ನು ಬರೆದಿರಲಿಲ್ಲ.

ಹಚ್ಚಿದೆ. ತಾಳ ಸುತ್ತಿ ಬಂದು ಮತ್ತೆ ಶುರುವಾಗುವ ಸಮಕ್ಕೆ ನಾನು ಬರುವ ಮೊದಲೇ ತಬಲಾ ಬಂದು ನಿಂತಿತ್ತು. ಮತ್ತೆ ಹಾಡಿದೆ. ಎಂಟು ಸಲ ಹಾಡಿದೆ, ಎಂಟು ಸಲವೂ ನಾನೇ ಹಿಂದೆ. ಫೋನಿನ ತಬಲಾ ಸುಳ್ಳು ಇರಬಹುದು ಎಂದುಕೊಂಡೆ. ಶನಿವಾರ ಮುಂಜಾನೆ ಸವಣೂರಿನ ಬಸ್ಸು ಹತ್ತಿ ಪೀರಸಾಬರ ಮನೆಗೆ ಹೋದೆ. ಹದಿನೆಂಟು ವರ್ಷದಿಂದ ನನ್ನ ಪ್ರತಿ ಕಾರ್ಯಕ್ರಮಕ್ಕೂ ತಬಲಾ ಹಿಡಿದವರು, ಅವರ ಕೈಯಾದರೂ ಸುಳ್ಳು ಹೇಳುವುದಿಲ್ಲ ಎಂದು ಹೋದೆ. ಅವರು ಚಹಾ ಕೊಟ್ಟರು. ನಾನು ಸಾಲು ಹಾಡಿದೆ, ಅವರು ನುಡಿಸಿದರು, ಇಬ್ಬರೂ ಸರಿಯಾಗಿ ಸಮಕ್ಕೆ ಬಂದೆವು. ನನ್ನ ಎದೆಯ ಭಾರ ಇಳಿಯಿತು. ನೋಡ್ರಿ, ಯಂತ್ರದವರು ನನ್ನದೇ ತಪ್ಪು ಅಂತಾರ ಎಂದು ನಗುತ್ತ ಹೇಳಿದೆ. ಪೀರಸಾಬರು ನಗಲಿಲ್ಲ. ತಬಲಾದ ಬಾಯಿಯನ್ನು ಅಂಗೈಯಿಂದ ಉಜ್ಜುವ ಸಪ್ಪಳ ಕೇಳಿತು, ಆಮೇಲೆ ಹೇಳಿದರು.

"ಮಾಸ್ತರ, ನಿಮಗ ನ್ಯುಮೋನಿಯಾ ಆಗಿ ಎದ್ದ ಮ್ಯಾಲೆ ನೀವು ಅಲ್ಲಿ ಉಸಿರು ತಗೋಳಾಕ ನಿಂದರತೀರಿ. ಒಂದು ಮಾತ್ರಾ. ನಾ ತಬಲಾದ ಮ್ಯಾಲೆ ಒಂದು 'ನಾ' ಪೆಟ್ಟು ಹೆಚ್ಚಿಗಿ ಹಾಕಿ ಸಂಭಾಳಿಸಕೊಂತ ಬಂದೇನಿ."

ಆ ಕಾಯಿಲೆಯಾಗಿ ಹನ್ನೆರಡು ವರ್ಷವಾಯಿತು, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ಕಣ್ಣಿಲ್ಲದ ಮನುಷ್ಯಾ, ಯಾಕ ನೋಯಿಸೂದು ಅಂತ ಬಿಟ್ಟೆ" ಎಂದರು. ಅಕ್ಕ, ಅವರು ಒಳ್ಳೆಯ ಮನಸ್ಸಿನಿಂದಲೇ ಅಂದರು, ಆದರೆ ನನಗೆ ಅಲ್ಲಿ ಕೂಡಲು ಆಗಲಿಲ್ಲ. ಗುರುಗಳು ನನ್ನ ಕಾಯಿಲೆಗಿಂತ ಮೊದಲೇ ತೀರಿಕೊಂಡಿದ್ದರು, ಇದ್ದಿದ್ದರೆ ಮೊದಲ ದಿನವೇ ತೊಡೆಯ ಮೇಲೆ ಹೊಡೆದು ನಿಲ್ಲಿಸುತ್ತಿದ್ದರು. ಆ ಮೇಲೆ ನನಗೆ ಕೈ ತಟ್ಟಿದವರು, ಹಾರ ಹಾಕಿದವರು ಎಷ್ಟು ಮಂದಿಗೆ ಇದು ಕೇಳಿತ್ತೋ, ಎಷ್ಟು ಮಂದಿ ಪಾಪ ಎಂದು ಬಿಟ್ಟರೋ.

ತಿರುಗಿ ಬಂದವನೇ ನೀನು ಕಚ್ಚಾ ಬರೆದಿಟ್ಟಿದ್ದ ನೋಟ್‌ಬುಕ್ ತೆಗೆದು ನುಜಹತ ಅವರ ಮನೆಗೆ ಒಯ್ದೆ. ಅದು ಎರಡು ವರ್ಷದಿಂದ ನನ್ನ ಪೆಟ್ಟಿಗೆಯಲ್ಲಿಯೇ ಇತ್ತು, ಯಾರ ಹತ್ತಿರವೂ ಓದಿಸಿರಲಿಲ್ಲ. ಝಪತಾಲದ ಪುಟ ತೆಗೆಯಿರಿ ಎಂದೆ. ಅವರು ಸ್ವರಗಳನ್ನು ಓದುತ್ತ ಓದುತ್ತ ನಿಂತರು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಏನೋ ಇದೆ ಎಂದರು. "ಇಲ್ಲಿ ಒಂದು ಮಾತ್ರೆ ಹೆಚ್ಚು. ತಮ್ಮನನ್ನು ಮತ್ತೊಮ್ಮೆ ಕೇಳಬೇಕು." ಮೂರೂ ಪುಟಗಳಲ್ಲಿ ಅದೇ ಇತ್ತು. ಮೂರನೆಯ ಪುಟದಲ್ಲಿ ಅದರ ಕೆಳಗೆ ಇನ್ನೂ ಸಣ್ಣ ಅಕ್ಷರದಲ್ಲಿ, "ಕೇಳಿದೆ. ಹಾಡಿದ್ದನ್ನೇ ಬರೆಯಲು ಹೇಳಿದ." ಹೌದು, ಕೇಳಿದ್ದೆ ನೀನು. "ತಮ್ಮಾ, ಇಲ್ಲಿ ಒಂದು ಮಾತ್ರಾ ಹೆಚ್ಚಾಕತ್ತೈತಿ" ಅಂದಿದ್ದೆ. "ನಾ ಹಾಡಿದ್ದು ಬರಿ, ತಾಳದ ಚಿಂತಿ ನಿನಗ ಬ್ಯಾಡ" ಅಂದಿದ್ದೆ ನಾನು. ಅದು ನನಗೆ ಮರೆತುಹೋಗಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ನೆನಪಿಗೆ ಬರಲು ಬಿಟ್ಟಿರಲಿಲ್ಲ.

ರವಿವಾರ ಇಡೀ ದಿನ ಕೂತು ಮೂರೂ ರಚನೆಗಳನ್ನು ತಿದ್ದಿದೆ. ಒಂದೊಂದರಲ್ಲಿ ಒಂದೊಂದು ಅಡ್ಡಗೆರೆ ಅಳಿಸುವುದಷ್ಟೇ ಇತ್ತು. ಯಂತ್ರ ಈ ಸಲ ಏನೂ ತಕರಾರು ಮಾಡದೆ ಪುಟ ಕೊಟ್ಟಿತು. ಸೋಮವಾರ ಹಾನಗಲ್ಲಿನ ಕೇಂದ್ರಕ್ಕೆ ಹೋದೆ. ದಾರಿಯಲ್ಲಿ ಬಸ್ಸಿನ ಗಾಲಿ ಪಂಕ್ಚರ್ ಆಗಿ ಮುಕ್ಕಾಲು ತಾಸು ನಿಂತಿತು, ಕಚೇರಿ ಮುಚ್ಚಲು ಇಪ್ಪತ್ತು ನಿಮಿಷ ಇದ್ದಾಗ ಒಳಗೆ ಕಾಲಿಟ್ಟೆ. ಅಲ್ಲಿನ ಗುಮಾಸ್ತರು ಫಾರ್ಮು ಓದುತ್ತ, ಹಿಂದಿನ ಪುಸ್ತಕ ತಿರಸ್ಕೃತವಾದ ಕಾರಣ ಏನು ಬರೆಯಲಿ, ಹಳೆಯ ಅರ್ಜಿಯಲ್ಲಿ ಬರೆದವರ ತಪ್ಪು ಎಂದಿದೆಯಲ್ಲ, ಅದನ್ನೇ ಹಾಕಲೇ ಎಂದು ಕೇಳಿದರು. ನನ್ನ ಹಿಂದೆ ಸಾಲಿನಲ್ಲಿ ನಾಲ್ಕೈದು ಮಂದಿ ಇದ್ದರು. ಹಾಡಿದವನ ತಪ್ಪು, ಬರೆದವರದಲ್ಲ ಎಂದು ಹಾಕಿರಿ, ಹಳೆಯ ಅರ್ಜಿ ವಾಪಸು ತೆಗೆದುಕೊಳ್ಳುತ್ತೇನೆ ಎಂದು ಬೇರೆ ಕಾಗದ ಕೊಟ್ಟು ಹೆಬ್ಬೆರಳು ಒತ್ತಿ ಬಂದೆ. ಅದರ ನಕಲು ಈ ಪತ್ರದ ಜೊತೆಗಿದೆ. ಫಲಿತಾಂಶ ಫೆಬ್ರವರಿಯಲ್ಲಿ ಬರುತ್ತದೆ. ಏನಾಗುತ್ತದೋ ಗೊತ್ತಿಲ್ಲ. ಇಂದೂರಿನವಳಿಗೂ ಕ್ಷಮೆ ಕೇಳಿ ಬರೆಸಿದೆ, ಈ ಸಲ ನುಜಹತ ಅವರಿಗೆ ಬೇಕಾದಷ್ಟು ಮೆತ್ತಗೆ ಬರೆಯಲು ಹೇಳಿದೆ. ತಿದ್ದಿದ ಹಾಗೆ ಹಾಡುವುದು ಮಾತ್ರ ಇನ್ನೂ ಹಿಡಿತಕ್ಕೆ ಬಂದಿಲ್ಲ. ಹತ್ತು ಸಲ ಹಾಡಿದರೆ ನಾಲ್ಕು ಸಲ ಎದೆ ಅಲ್ಲಿಯೇ ಗಾಳಿ ಕೇಳುತ್ತದೆ.

ಅತ್ತಿಯವರಿಗೂ ಮಾವನಿಗೂ ನನ್ನ ನಮಸ್ಕಾರ ತಿಳಿಸು. ಪೂಜಾಳಿಗೆ ಆಶೀರ್ವಾದ, ಚೆನ್ನಾಗಿ ಓದಲಿ. ಮೊಣಕಾಲು ಡಾಕ್ಟರಿಗೆ ತೋರಿಸು, ಅವ್ವನ ಮಾತು ಕೇಳು.

ನಿನ್ನ ತಮ್ಮ,
ಉಳಿವೆಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಇಷ್ಟು. ಅಕ್ಕ, ತಪ್ಪು ನನ್ನದು. ಮೇಲೆ ಇಷ್ಟುದ್ದ ಬರೆದೂ ಈ ಎರಡು ಶಬ್ದ ನಿನಗೆ ನೇರವಾಗಿ ಬರೆದಿರಲಿಲ್ಲ. ಇವು ಬರೀ ಕಾಗದದಲ್ಲಿದ್ದರೆ ಸಾಲದು. ೨೧ನೆಯ ತಾರೀಖು ರವಿವಾರ ನಾನು ಒಬ್ಬನೇ ಹೊರಟು, ಹಾವೇರಿಯಲ್ಲಿ ಬಸ್ಸು ಬದಲಿಸಿ ಹನ್ನೊಂದರ ಸುಮಾರಿಗೆ ರಟ್ಟೀಹಳ್ಳಿ ಮುಟ್ಟುತ್ತೇನೆ. ಅತ್ತಿಯವರನ್ನೂ ಮಾವನನ್ನೂ ಮೇಳದ ಹೆಣ್ಣುಮಕ್ಕಳನ್ನೂ ಅಂದು ಮನೆಯಲ್ಲಿ ಕೂಡಿಸಬೇಕು. ಅವರ ಮುಂದೆ ಝಪತಾಲದ ಆ ಸಾಲು ಹಾಡುತ್ತೇನೆ, ನೀನು ತಾಳ ಹಾಕು. ನಾನು ತಪ್ಪಿದಲ್ಲಿ ಕೈ ನಿಲ್ಲಿಸಿ ಗಟ್ಟಿಯಾಗಿ ಹೇಳು, ಎಲ್ಲರೂ ಕೇಳಲಿ. ಯಾರನ್ನೂ ಕರೆಯುವ ಮನಸ್ಸು ನಿನಗಿಲ್ಲದಿದ್ದರೆ ಒತ್ತಾಯವಿಲ್ಲ, ನಾನು ಮನೆಮನೆಗೆ ಹೋಗಿ ಹೇಳಿ ಬರುತ್ತೇನೆ. ಅವರ ಮನೆಗಳು ನನಗೆ ಗೊತ್ತಿಲ್ಲ, ಪೂಜಾಳನ್ನು ನನ್ನ ಜೊತೆ ಕಳಿಸಿದರೆ ಸಾಕು.