ಒಂಬತ್ತು ಬಿಟ್ಟ ಬೋರ್ಡು

ಹೇರೂರು,
ಸೋಮವಾರ, 10-2-2025

ನಮ್ಮ ಮನೆಯ ಲೆಕ್ಕದ ಮಾಸ್ತರರಿಗೆ, ನಿಮ್ಮ ಹೆಂಡತಿಯ ಸಿಟ್ಟು ಸಹಿತ ನಮಸ್ಕಾರ.

ಫೋನಿನಲ್ಲಾದರೆ ನಡುವೆ ಬಾಯಿ ಹಾಕುತ್ತೀರಿ. ಅದಕ್ಕೇ ಅಣ್ಣನ ಕೈಯಲ್ಲಿ ಈ ಪತ್ರ. ಕೊನೆಯವರೆಗೆ ಓದಿ, ಆಮೇಲೆ ಬೇಕಾದರೆ ಕೂಗಾಡಿ.

ಶಿರಸಿಯಲ್ಲಿ ಹೊಸ ಮನೆ ಕಟ್ಟಿಸಿದೆವು. ಊರವರೆಲ್ಲ ಗೇಟಿಗೆ 'ನೆಮ್ಮದಿ', 'ಶ್ರೀನಿಧಿ' ಎಂದು ಬರೆಸುತ್ತಾರೆ. ನೀವು ನನ್ನನ್ನು ಒಂದು ಮಾತೂ ಕೇಳದೆ 12345678987654321 ಎಂದು ಬರೆಸಲು ಹೊರಟಿರಿ. ಇದೆಂತಾ ಹುಚ್ಚು ಎಂದರೆ, 111111111ನ್ನು ಅದರಿಂದಲೇ ಗುಣಿಸಿದರೆ ಇದು ಬರುತ್ತದೆ, ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ಗಂಡ ಹೆಂಡತಿಯೂ ಹೀಗೆ ಸರಿಸಮ ಇರಬೇಕು ಎಂದಿರಿ. ಅಬ್ಬಾ ಸರಿಸಮವೇ! ಅಡುಗೆಮನೆಯ ಕಪಾಟನ್ನು ನಿಮ್ಮ ಎತ್ತರಕ್ಕೆ ಹೊಡೆಸಿದವರು ಯಾರು? ಸಾಸಿವೆ ಡಬ್ಬಿಗೆ ನಾನು ಸ್ಟೂಲು ಹತ್ತಬೇಕು. ಅವತ್ತೇ ಬ್ಯಾಗು ತುಂಬಿ ತವರಿಗೆ ಬಂದೆ.

ನಿನ್ನೆ ಹೊಸ ಮನೆಯ ಪಕ್ಕದ ಪಾರ್ವತವ್ವ ಗೇಟಿನ ಫೋಟೋ ಕಳಿಸಿದರು. ಪೇಂಟರ್ ಮಾದೇವ ನಡುವಿನ ಒಂಬತ್ತನ್ನೇ ಬಿಟ್ಟಿದ್ದಾನೆ: 1234567887654321. ಅತ್ತಿಗೆ ನೋಡಿ, "ಇದೆಂತದೇ ಮಾರಾಯ್ತಿ, ಕರೆಂಟ್ ಬಿಲ್ಲಿನ ನಂಬರನ?" ಎಂದು ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಆದರೆ ಫೋಟೋದ ಕೆಳಗೆ ಪಾರ್ವತವ್ವ ಬರೆದದ್ದು ಓದಿ ನಗು ನಿಂತಿತು. "ಮಾಸ್ತರು ಊಟ ಬಿಟ್ಟು ಕಟ್ಟಿ ಮ್ಯಾಲ ಕುಂತಾರ್ರಿ. ಲೆಕ್ಕಾನೂ ಕೆಟ್ತು, ಸಂಸಾರಾನೂ ಕೆಟ್ತು, ಶುಕ್ರವಾರದ ಗೃಹಪ್ರವೇಶ ಬ್ಯಾಡ ಅಂತಾರ. ಲಗೂ ಬರ್ರಿ."

ಊಟ ಬಿಟ್ಟರಂತೆ! ಗ್ಯಾಸ್ಟ್ರಿಕ್ ಇರುವವರು ಮಾಡುವ ಕೆಲಸವೇ ಇದು?

ಹಾಳಾದ ಲೆಕ್ಕ ಎಷ್ಟು ಕೆಟ್ಟಿದೆ ನೋಡಿಯೇಬಿಡೋಣ ಎಂದು ಹಳೇ ಕ್ಯಾಲೆಂಡರಿನ ಬೆನ್ನ ಮೇಲೆ ಗುಣಿಸಲು ಕೂತೆ. ಉತ್ತರದಲ್ಲಿ ಒಂದು ಅಂಕಿ ಕಡಿಮೆಯಾಗಿದೆ, ಹಾಗಾದರೆ ಗುಣಿಸುವ ಕಡೆಯೂ ಒಂದು ಅಂಕಿ ತೆಗೆದರೆ? 111111111ನ್ನು 11111111ರಿಂದ ಗುಣಿಸಿದೆ. ಸಾಲು ಸಾಲಾಗಿ ಬರೆದು ಕೂಡಿಸಿದರೆ, ದೇವರೇ, ಮಾದೇವ ಬರೆದದ್ದೇ ಬಂತು! ಇದನ್ನೂ ಯಾವ ಕಡೆಯಿಂದ ಓದಿದರೂ ಒಂದೇ. ಅತ್ತಿಗೆ ಸೌಟು ಹಿಡಿದುಕೊಂಡೇ ಬಂದು ಇನ್ನೊಮ್ಮೆ ಕೂಡಿಸಿದಳು. ಸರಿಯಾಗಿದೆ.

ರೀ, ನಾವು ಯಾವತ್ತು ಸರಿಸಮ ಇದ್ದೆವು? ಒಬ್ಬರು ಯಾವಾಗಲೂ ಒಂದಂಕಿ ಕಡಿಮೆಯೇ. ಆದರೂ ಗುಣಿಸಿದರೆ ಇಷ್ಟು ಚಂದ ಬರುತ್ತದಲ್ಲ! ಅದನ್ನು ಕಂಡು ನನಗೆ ಅಳುವೇ ಬಂತು. ಮೊದಲು ನಿಮಗೇ ತೋರಿಸಬೇಕು ಎಂದು ತಲೆ ಎತ್ತಿದೆ, ನೀವಿರಲಿಲ್ಲ.

ಬೋರ್ಡು ತೆಗೆಸಬೇಡಿ. ಬುಧವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತೇನೆ, ಸ್ಟ್ಯಾಂಡಿಗೆ ಬನ್ನಿ. ಪುರೋಹಿತರಿಗೆ ಗೃಹಪ್ರವೇಶ ಇದೆಯೆಂದೇ ಹೇಳಿ. ಅಷ್ಟರಲ್ಲಿ ಕಪಾಟು ಕೆಳಗಿಳಿದಿರಬೇಕು. ಮತ್ತೆ, ಈ ಪತ್ರ ಮಡಚಿಟ್ಟು ಮೊದಲು ಊಟ ಮಾಡಿ.

ಸ್ಟೂಲು ಹತ್ತಲು ಒಪ್ಪದ ನಿಮ್ಮ,
ಪ್ರಭಾವತಿ

ತಾ.ಕ.: ಮಾದೇವನನ್ನು ಬೈಯಬೇಡಿ. ನಡುವಿನ ಒಂಬತ್ತು ಬಿಟ್ಟು ಬರೆ ಎಂದು ಇಲ್ಲಿಂದ ಅವನಿಗೆ ಫೋನ್ ಮಾಡಿದವಳು ನಾನೇ. ನಿಮ್ಮ ಲೆಕ್ಕ ಕೆಡಿಸಲು ಹೋಗಿದ್ದೆ, ಅದು ಕೆಡಲಿಲ್ಲ. ಇನ್ನೊಂದು, ಆ ಎಂಟು ಅಂಕಿಯವರು ನೀವು, ಒಂಬತ್ತು ಅಂಕಿಯವಳು ನಾನು. ಇದರಲ್ಲಿ ಚರ್ಚೆ ಇಲ್ಲ.