ಹಿಂದೆ ಕಟ್ಟಿದ ಆ ಕೈಗಳನ್ನು ಬಿಡಿಸಿಕೊಡಿ

ಶಿಶುಶಿಕ್ಷಣ ವಿಭಾಗದ ಮಾನ್ಯ ಮೇಲಧಿಕಾರಿಗಳೇ,

ನಿಮ್ಮ ವಿಭಾಗವು ನಾಲ್ಕು ವರ್ಷದ ನನ್ನ ಮೊಮ್ಮಗಳಿಗೆ ದಯೆ ಕಲಿಸಿದೆ. ಕಲಿತ ಮೇಲೆ ಅವಳು ಅಳುವವರನ್ನು ಮುಟ್ಟುವುದನ್ನೇ ಬಿಟ್ಟಿದ್ದಾಳೆ. ಇಷ್ಟೇ ನನ್ನ ದೂರು. ನಿಮ್ಮ ಕಚೇರಿಗೆ ಅಲೆದೆ, ಅರ್ಜಿ ಕೊಟ್ಟೆ, 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಪರಿಶೀಲನೆಯಲ್ಲಿರುವುದು ಅರ್ಜಿ, ಮಗು ನನ್ನ ಮನೆಯಲ್ಲಿದೆ. ಬೇರೆ ದಾರಿ ಕಾಣದೆ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ.

ನಾನು ನಿವೃತ್ತ ಬಸ್ ಕಂಡಕ್ಟರ್. ತುಂಬಿದ ಬಸ್ಸಿನಲ್ಲಿ ಕಾಲು ತುಳಿದವರನ್ನೂ ತುಳಿಸಿಕೊಂಡವರನ್ನೂ ಒಂದೇ ಉಸಿರಿನಲ್ಲಿ ಬೈದು ಮುಂದಕ್ಕೆ ಕಳಿಸಿದವನು. ದಯೆಯ ವಿಷಯದಲ್ಲಿ ತಮ್ಮಂಥವರಿಗೆ ಪಾಠ ಹೇಳುವ ಯೋಗ್ಯತೆ ನನಗಿಲ್ಲ, ಒಪ್ಪಿದೆ. ಮಗಳು ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸ ಮಾಡುತ್ತಾಳೆ. ಮೊಮ್ಮಗಳನ್ನು ಶಿಶುವಿಹಾರಕ್ಕೆ ಬಿಟ್ಟು ಬರುವುದು, ಕರೆದು ತರುವುದು ನನ್ನ ಈಗಿನ ಡ್ಯೂಟಿ. ಮನೆಯಲ್ಲಿ ಅವಳನ್ನು ಗಿರಣಿ ಅನ್ನುತ್ತೇವೆ. ಕಣ್ಣು ಬಿಟ್ಟಾಗ ಶುರುವಾದ ಬಾಯಿ ಮಲಗುವವರೆಗೂ ನಿಲ್ಲುವುದಿಲ್ಲ, ಅದಕ್ಕೆ ಆ ಹೆಸರು. ಹಾಗಾಗಿ ನಿಮ್ಮ ದಯೆಯ ಪಿರಿಯಡ್ಡಿನಲ್ಲಿ ಏನೇನು ನಡೆಯುತ್ತದೆ ಎಂಬುದು ನನಗೆ ದಿನಾ ತಲುಪುತ್ತದೆ.

ಈ ವರ್ಷ ನಿಮ್ಮ ವಿಭಾಗದಿಂದ ಪ್ರತಿ ಶಿಶುವಿಹಾರಕ್ಕೂ ಒಂದು ಬಟ್ಟೆಯ ಗೊಂಬೆ ಬಂತು. ಬೆನ್ನಿನ ಗುಂಡಿ ಒತ್ತಿದರೆ ಅದು ಅಳುತ್ತದೆ. ಮಕ್ಕಳು ಸಾಲಾಗಿ ಬಂದು ಅದರ ತಲೆ ಸವರಬೇಕು, 'ಯಾಕೆ ಅಳುತ್ತಿರುವೆ ಗೆಳೆಯಾ?' ಎಂದು ಕೇಳಬೇಕು, ಒಮ್ಮೆ ತಬ್ಬಿಕೊಂಡು ಜಾಗಕ್ಕೆ ಹೋಗಿ ಕೂರಬೇಕು. ಒಂದು ದಿನ ಗುಂಡಿ ಸಿಕ್ಕಿಹಾಕಿಕೊಂಡು, ಮಕ್ಕಳು ಮಲಗುವ ಹೊತ್ತಿಡೀ ಗೊಂಬೆ ಅತ್ತೇ ಅತ್ತಿತಂತೆ. ಮಿಸ್ ಬಂದು ಅದರ ಬೆನ್ನಿಗೆ ಎರಡು ಬಿಟ್ಟರಂತೆ. "ಆಮೇಲೆ ಸುಮ್ಮನಾಯ್ತು ತಾತ," ಎಂದು ಗಿರಣಿ ವರದಿ ಒಪ್ಪಿಸಿದಳು. ಇದು ಮಿಸ್ ಮೇಲಿನ ದೂರಲ್ಲ. ಅಷ್ಟು ಮಕ್ಕಳನ್ನು ಮಲಗಿಸುವ ಹೊತ್ತಿನಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಗೊಂಬೆಯ ಹಿಂದೆಯೇ ಒಂದು ನಿಯಮವೂ ಬಂತು. ನಿಜವಾದ ಮಗು ಅತ್ತರೆ ಬೇರೆ ಮಕ್ಕಳು ಅದನ್ನು ಮುಟ್ಟಕೂಡದು. ಕೈ ಹಿಂದೆ ಕಟ್ಟಿ ನಿಂತು ಮಿಸ್‌ಗೆ ತಿಳಿಸಬೇಕು. ಎಲ್ಲೋ ಒಂದು ಮಗು ಇನ್ನೊಂದನ್ನು ಸಮಾಧಾನ ಮಾಡಲು ಹೋಗಿ, ತಬ್ಬಿಕೊಂಡು, ಇಬ್ಬರೂ ಮೆಟ್ಟಿಲಿನಿಂದ ಉರುಳಿ, ಅಳುತ್ತಿದ್ದ ಮಗುವಿನ ಹಲ್ಲು ಮುರಿಯಿತಂತೆ. ಇದ್ದೀತು. ಆ ತಾಯಿಯ ಸಂಕಟವನ್ನು ನಾನು ತಮಾಷೆ ಮಾಡುವುದಿಲ್ಲ. ಆದರೆ ಒಂದು ಹಲ್ಲಿಗಾಗಿ ಊರಿನ ಮಕ್ಕಳೆಲ್ಲ ಕೈ ಕಟ್ಟಿಕೊಳ್ಳಬೇಕೆ? ಹಾಗಾದರೆ ಆ ಮೆಟ್ಟಿಲಿಗೆ ಒಂದು ಕಟಕಟೆ ಹಾಕಿಸಬೇಕೆಂದು ಯಾರಿಗೂ ಯಾಕೆ ಹೊಳೆಯಲಿಲ್ಲ?

ನೀವು ಖುದ್ದಾಗಿ ತಪಾಸಣೆಗೆ ಬಂದ ದಿನ ಮನೆಯವರನ್ನೂ ಕರೆದಿದ್ದರು. ನಾನು ಹಿಂದಿನ ಸಾಲಿನಲ್ಲಿ, ಮಕ್ಕಳ ಅಳತೆಯ ಕುರ್ಚಿಯಲ್ಲಿ ಮಂಡಿ ಗಲ್ಲಕ್ಕೆ ತಾಗಿಸಿಕೊಂಡು ಕೂತಿದ್ದೆ. ಕೋಣೆಯ ನಡುವೆ ಗೊಂಬೆ ಅಳುತ್ತಿತ್ತು. ಬಾಗಿಲ ಬಳಿ, ಚಪ್ಪಲಿ ಇಡುವ ಗೂಡಿಗೆ ಒರಗಿ ಕೂತು, ಹೊಸದಾಗಿ ಸೇರಿದ ಒಂದು ಹುಡುಗಿಯೂ ಅಳುತ್ತಿದ್ದಳು. ಗಿರಣಿಯ ಸರದಿ ಬಂತು. ಅವಳು ಗೊಂಬೆಯ ತಲೆ ಸವರಲಿಲ್ಲ. ಅದನ್ನು ಕಂಕುಳಲ್ಲಿ ಇರುಕಿಕೊಂಡು ನೇರವಾಗಿ ಬಾಗಿಲಿಗೆ ಹೋದಳು, ಹುಡುಗಿಯ ಮಡಿಲಿಗೆ ಗೊಂಬೆ ಹಾಕಿದಳು, ತನ್ನ ಫ್ರಾಕಿನ ಅಂಚಿನಿಂದ ಅವಳ ಮೂಗು ಒರೆಸಿದಳು. ಮಿಸ್ ವಾಪಸ್ ಕರೆದಾಗ, "ಅದು ಸುಮ್‌ಸುಮ್ನೆ ಅಳತ್ತೆ ಮಿಸ್, ಇವಳು ನಿಜವಾಗ್ಲೂ ಅಳ್ತಿದ್ದಾಳೆ," ಅಂದಳು. ನನಗೆ ಎದೆ ಉಬ್ಬಿತು. ಕುರ್ಚಿಯಿಂದ ಎದ್ದೇಳಲು ಆಗಲಿಲ್ಲ, ಅದು ಬೇರೆ ಮಾತು.

ಆಗ ನೀವು ಎದ್ದು ಅವಳ ಬಳಿ ಹೋದಿರಿ. ಗದರಲಿಲ್ಲ. ಗದರಿದ್ದರೆ ಎಷ್ಟೋ ಚೆನ್ನಾಗಿತ್ತು, ಗದರಿದವರ ಮಾತನ್ನು ನಮ್ಮ ಗಿರಣಿ ಕಿವಿಗೇ ಹಾಕಿಕೊಳ್ಳುವುದಿಲ್ಲ. ನೀವು ಅವಳ ಎತ್ತರಕ್ಕೆ ಬಗ್ಗಿದಿರಿ. ಸಕ್ಕರೆಯಂಥ ದನಿಯಲ್ಲಿ, "ಜಾಣೆ ಅಲ್ವಾ ನೀನು? ಅಳೋರನ್ನ ಮುಟ್ಟಿದ್ರೆ ಅವರು ಬೀಳ್ತಾರೆ, ಹಲ್ಲು ಮುರಿಯತ್ತೆ. ಪಾಪ ಅಲ್ವಾ?" ಅಂದಿರಿ. ಆ ಎರಡು ಪುಟ್ಟ ಕೈಗಳನ್ನು ನೀವೇ ಹಿಡಿದು ಬೆನ್ನ ಹಿಂದೆ ಸೇರಿಸಿದಿರಿ. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳ ಪ್ರಗತಿ ಪತ್ರದಲ್ಲಿ ಈಗ 'ದಯೆ: ಅತ್ಯುತ್ತಮ' ಎಂದಿದೆ.

ಕೆಲವು ದಿನಗಳ ಮೇಲೆ ಮಗಳು ಕೆಲಸದಲ್ಲಿ ಇಸ್ತ್ರಿ ಪೆಟ್ಟಿಗೆ ತಾಗಿ ಅಂಗೈ ಸುಟ್ಟುಕೊಂಡು ಬಂದಳು. ನಮ್ಮ ಮುಂದೆ ಅಳುವವಳಲ್ಲ ಅವಳು. ಅಡುಗೆಮನೆಯ ನಲ್ಲಿಯ ಕೆಳಗೆ ಕೈ ಹಿಡಿದು, ಬೆನ್ನು ತಿರುಗಿಸಿಕೊಂಡು ಅಳುತ್ತಿದ್ದಳು. ಗಿರಣಿ ಹೊಸ್ತಿಲಲ್ಲೇ ನಿಂತಿದ್ದಳು, ಕೈ ಹಿಂದೆ ಕಟ್ಟಿಕೊಂಡು.

"ತಾತಾ, ಅಮ್ಮ ಅಳ್ತಿದ್ದಾಳೆ."

"ಹೋಗೇ, ಹೋಗಿ ಹಿಡ್ಕೋ ಅಮ್ಮನ್ನ."

"ಮುಟ್ಟೋ ಹಾಗಿಲ್ಲ."

"ಅದೆಲ್ಲ ಸ್ಕೂಲಲ್ಲಿ ಕಣೇ. ಇದು ಮನೆ."

"ಅಮ್ಮ ಬೀಳ್ತಾಳೆ ತಾತಾ. ಹಲ್ಲು ಮುರಿಯತ್ತೆ."

ಹೇಳುತ್ತಾ ಹೇಳುತ್ತಾ ಅವಳೇ ಅಳತೊಡಗಿದಳು. ಮಗಳು ಓಡಿ ಬಂದು, ಸುಟ್ಟ ಕೈಯನ್ನು ಮೇಲೆತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಮಗುವನ್ನು ಬಾಚಿ ತಬ್ಬಿಕೊಂಡಳು. ಅಷ್ಟಾದರೂ ಇವಳ ಕೈ ಮುಂದೆ ಬರಲಿಲ್ಲ. ಬೆರಳಿಗೆ ಬೆರಳು ಹೆಣೆದು ಬಿಗಿಯಾಗಿ ಹಿಡಿದುಕೊಂಡಿದ್ದಳು. ಬಿಡಿಸಲು ಹೋದೆ, ನನ್ನ ಕೈಲಿ ಆಗಲಿಲ್ಲ. ಮಗುವಿನ ಬೆರಳಿಗೆ ಎಷ್ಟು ಬಲ ಹಾಕಲಿ ನಾನು?

ಆಮೇಲೆ ನಾನು ಮಾಡದ ಕಸರತ್ತಿಲ್ಲ. ರಮಿಸಿದೆ, ಕಥೆ ಕಟ್ಟಿ ಹೇಳಿದೆ. ಒಂದು ಮಧ್ಯಾಹ್ನ ಮುಖ ಮುಚ್ಚಿಕೊಂಡು ನಾನೇ ಜೋರಾಗಿ ಅತ್ತೆ, ಗೊಂಬೆಯಂತೆ ಸುಳ್ಳು ಅಳು. ಅವಳು ನನ್ನ ಸುತ್ತ ಒಂದು ಸುತ್ತು ಹಾಕಿ ಬೆನ್ನನ್ನು ಪರೀಕ್ಷೆ ಮಾಡಿ, "ಗುಂಡಿ ಎಲ್ಲಿ ತಾತಾ?" ಎಂದು ಕೇಳಿದಳು. ಗುಂಡಿ ಇಲ್ಲವೆಂದು ಗೊತ್ತಾದ ಮೇಲೆ ಗಾಬರಿಯಾಗಿ ದೂರ ಸರಿದು ನಿಂತಳು. ಮಿಸ್‌ಗೆ ಕೇಳಿಕೊಂಡೆ. "ನಾನು ಹೇಗೆ ಹೇಳಲಿ ತಾತ? ಮೇಲಿನಿಂದ ಬಂದ ನಿಯಮ, ನನ್ನ ಕೆಲಸ ಹೋಗತ್ತೆ," ಎಂದು ತಲೆ ತಗ್ಗಿಸಿದರು. ನಿಮ್ಮ ಕಚೇರಿಯ ಗುಮಾಸ್ತರಂತೂ ಕನ್ನಡಕ ತೆಗೆದು ನನ್ನನ್ನು ನೋಡಿದರು. "ಮಗು ಹೇಳಿದ ಮಾತು ಕೇಳ್ತಿದೆ ಅಂತ ದೂರು ಕೊಡೋರನ್ನ ಇವತ್ತೇ ನೋಡಿದ್ದು ಯಜಮಾನ್ರೇ," ಅಂದರು. ಎದ್ದು ಬಂದೆ.

ಮಾನ್ಯರೇ, ನಿಯಮ ರದ್ದು ಮಾಡಿ ಎಂದು ನಾನು ಕೇಳುತ್ತಿಲ್ಲ. ಗೊಂಬೆಗಳನ್ನು ವಾಪಸ್ ಪಡೆಯಿರಿ ಎಂದೂ ಕೇಳುತ್ತಿಲ್ಲ. ಅದೆಲ್ಲ ನನ್ನಂಥವನ ಕೈಯಳತೆಯಲ್ಲಿಲ್ಲ. ನಾನು ಹೇಳಿದರೆ, ಅವಳ ಅಮ್ಮ ಹೇಳಿದರೆ, "ದೊಡ್ಡ ಮೇಡಂ ಹೇಳ್ಬೇಕು" ಅನ್ನುತ್ತಾಳೆ. ದೊಡ್ಡ ಮೇಡಂ ಅಂದರೆ ನೀವು. ಆದ್ದರಿಂದ ಬೇಡಿಕೆ ಒಂದೇ. ಒಂದು ಬೆಳಿಗ್ಗೆ ಬಿಡುವು ಮಾಡಿಕೊಂಡು ಬನ್ನಿ. ಅವತ್ತಿನಂತೆಯೇ ಅವಳ ಎತ್ತರಕ್ಕೆ ಬಗ್ಗಿ, ಅದೇ ದನಿಯಲ್ಲಿ, ಮುಟ್ಟಬಹುದು ಎಂದು ಹೇಳಿ. ನೀವೇ ಕಟ್ಟಿದ ಕೈಗಳನ್ನು ನೀವೇ ಮುಂದಕ್ಕೆ ತನ್ನಿ. ಚಪ್ಪಾಳೆಗೆ ಜನ ಬೇಕಿದ್ದರೆ ನಾನಿದ್ದೇನೆ.

ತಡ ಮಾಡಬೇಡಿ. ಆ ಹೊಸ ಹುಡುಗಿ ಈಗಲೂ ಬೆಳಿಗ್ಗೆ ಚಪ್ಪಲಿ ಗೂಡಿನ ಹತ್ತಿರ ಕೂತು ಅಳುತ್ತಾಳೆ. ನಮ್ಮ ಗಿರಣಿ ಮಿಸ್‌ಗೆ ಹೇಳಿ ಬಂದು, ಅವಳು ಸುಮ್ಮನಾಗುವವರೆಗೂ ಪಕ್ಕದಲ್ಲೇ ನಿಂತಿರುತ್ತಾಳೆ, ಕೈ ಹಿಂದೆ ಕಟ್ಟಿಕೊಂಡು.

ಇಂತಿ,
ಬೆನ್ನಲ್ಲಿ ಗುಂಡಿಯಿಲ್ಲದ ಒಬ್ಬ ತಾತ